ಬಾಣದ ಮೇಷ್ಟ್ರ ಐದು ಹೆಜ್ಜೆ

ಕ್ಲಬ್ಬಿನ ಕಾಗದಪತ್ರಗಳಲ್ಲಿ ಅವರ ಹುದ್ದೆಯ ಹೆಸರು ‘ದಾಳಿ ವಿಭಾಗದ ತರಬೇತುದಾರ’. ಕೇಳಿದವರು, ಎಲ್ಲೋ ಗಡಿಯಲ್ಲಿ ಫಿರಂಗಿ ಹಾರಿಸುವವರಿರಬೇಕು ಎಂದುಕೊಳ್ಳಬೇಕು. ಕೆಲಸ ಮಾತ್ರ ಇಷ್ಟೇ: ಸಂಬಳ ತೆಗೆದುಕೊಂಡು ಫುಟ್‌ಬಾಲ್ ಆಡುವ ಹನ್ನೊಂದು ಜನ ಎದುರಾಳಿಯ ಗೋಲಿನೊಳಗೆ ಚೆಂಡು ಹಾಕುವಂತೆ ನೋಡಿಕೊಳ್ಳುವುದು. ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಸರಿಯಾಗಿಯೇ ನಡೆಯುತ್ತಿತ್ತು.

ಆಟಗಾರರ ಬಾಯಲ್ಲಿ ಅವರು ಬಾಣದ ಮೇಷ್ಟ್ರು. ಬಿಳಿ ಬೋರ್ಡು ಕಂಡರೆ ಸಾಕು, ಪೆನ್ನಿನ ಮುಚ್ಚಳ ತೆಗೆದು ಬಾಣ ಎಳೆಯಲು ಶುರು. ಆಟಗಾರ ಓಡುವುದಕ್ಕೆ ಕೆಂಪು ಬಾಣ, ಚೆಂಡು ಹೋಗುವುದಕ್ಕೆ ನೀಲಿ ಬಾಣ, ಎದುರಾಳಿ ಪೆದ್ದುಪೆದ್ದಾಗಿ ಹಿಂದೆ ಬರುವುದಕ್ಕೆ ಕಪ್ಪು ಬಾಣ. ಬೋರ್ಡಿನ ಮೇಲೆ ಎದುರಾಳಿಗಳು ಬಹಳ ಒಳ್ಳೆಯವರು, ಮೇಷ್ಟ್ರು ಎಲ್ಲಿಗೆ ಹೋಗು ಎಂದರೆ ಅಲ್ಲಿಗೇ ಹೋಗುತ್ತಿದ್ದರು. ಬೋರ್ಡು ಸಿಗದ ಕಡೆ ದಿನಪತ್ರಿಕೆಯ ಅಂಚು, ಔಷಧಿ ಚೀಟಿಯ ಹಿಂಭಾಗ, ಬಸ್ಸಿನ ಕಿಟಕಿಯ ಧೂಳು. ಒಮ್ಮೆ ಕರೆಂಟ್ ಬಿಲ್ಲಿನ ಮೇಲೆ ಕಾರ್ನರ್ ಹೊಡೆತದ ಯೋಜನೆ ಬರೆದಿಟ್ಟಿದ್ದರು. ಅದನ್ನು ಕಟ್ಟಲು ಹೋದ ಹೆಂಡತಿ ಕೌಂಟರಿನವನಿಗೆ ಆ ಬಾಣಗಳೆಲ್ಲ ಏನು ಎಂದು ವಿವರಿಸಬೇಕಾಗಿ ಬಂತು.

ತಮ್ಮ ಆಟದ ದಿನಗಳ ಬಗ್ಗೆ ಮೇಷ್ಟ್ರು ಬಡಾಯಿ ಕೊಚ್ಚುತ್ತಿರಲಿಲ್ಲ. ಕೊಚ್ಚಲು ಅಲ್ಲಿ ಏನಾದರೂ ಇರಬೇಕಲ್ಲ. “ಹನ್ನೆರಡು ವರ್ಷ ಆಡಿದೆ, ಹತ್ತೊಂಬತ್ತು ಗೋಲು ಹೊಡೆದೆ. ಅದರಲ್ಲಿ ಎರಡು ನಮ್ಮದೇ ಗೋಲಿಗೆ. ನಿಜ ಹೇಳ್ಬೇಕಂದ್ರೆ ನೋಡೋಕೆ ಚೆನ್ನಾಗಿದ್ದಿದ್ದು ಆ ಎರಡೇ,” ಎಂದು ತಾವೇ ಹೇಳಿ, ಬೇರೆಯವರು ನಗುವ ಮೊದಲೇ ನಕ್ಕುಬಿಡುತ್ತಿದ್ದರು. ಐವತ್ತನಾಲ್ಕು ವರ್ಷ ಬದುಕಿ ಅವರು ಕಲಿತ ಒಂದು ಉಪಾಯವೆಂದರೆ ಅದು. ಮೊದಲು ನಾವೇ ನಕ್ಕರೆ ಬೇರೆಯವರಿಗೆ ನಗಲು ಅಷ್ಟು ಮಜಾ ಇರುವುದಿಲ್ಲ.

ಹೋದ ವರ್ಷ ಹೆಡ್ ಕೋಚ್ ಕರೆದು, “ಮೇಷ್ಟ್ರೇ, ನಮ್ಮ ದಾಳಿ ತೀರಾ ಮಂಕಾಗಿದೆ, ಏನಾದ್ರೂ ಮಾಡಿ,” ಎಂದರು. ಹೆಡ್ ಕೋಚ್ ವಯಸ್ಸಿನಲ್ಲಿ ಮೇಷ್ಟ್ರಿಗಿಂತ ಆರು ವರ್ಷ ಚಿಕ್ಕವರು, ಗತ್ತಿನಲ್ಲಿ ಹತ್ತು ವರ್ಷ ದೊಡ್ಡವರು. ಏನಾದರೂ ಮಾಡಿ ಎಂದರೆ ಸುಮ್ಮನಿರುವ ಜಾಯಮಾನ ಮೇಷ್ಟ್ರದ್ದಲ್ಲ. ಒಂದು ತಿಂಗಳು ತಲೆ ಕೆರೆದುಕೊಂಡು ಒಂದು ಸಿದ್ಧಾಂತವನ್ನೇ ಹೊಸೆದರು. ಅದರ ಹೆಸರು ‘ನೋಡದೆ ಹೊಡಿ’.

ಅದರ ಒಳಗುಟ್ಟು ಸರಳವಾಗಿತ್ತು. ಮೈದಾನದ ಅಂಚಿನಲ್ಲಿ ಚೆಂಡು ತೆಗೆದುಕೊಂಡು ಓಡುವವನು ತಲೆಯೆತ್ತಿ ಗೋಲಿನ ಕಡೆ ನೋಡುವಷ್ಟರಲ್ಲಿ ಎದುರಾಳಿ ಕಾಲಿಗೆ ಅಡ್ಡ ಬಿದ್ದಿರುತ್ತಾನೆ. ಆದ್ದರಿಂದ ನೋಡುವುದೇ ಬೇಡ. ಪಕ್ಕದ ಬಿಳಿ ಗೆರೆಯನ್ನೇ ಗುರುತಾಗಿಟ್ಟುಕೊಂಡು ಓಡಬೇಕು, ಗೆರೆಯ ಮಗ್ಗುಲಿನಿಂದಲೇ ಚೆಂಡನ್ನು ಒಳಗೆ ಒದೆಯಬೇಕು. ಗೋಲಿನ ಮುಂದೆ ಗೊತ್ತು ಮಾಡಿದ ಜಾಗಕ್ಕೆ ಚೆಂಡು ಬೀಳುತ್ತದೆ, ಗೊತ್ತು ಮಾಡಿದ ಹೊತ್ತಿಗೆ ಸ್ಟ್ರೈಕರ್ ಅಲ್ಲಿಗೆ ಬಂದಿರುತ್ತಾನೆ. ದಿನಕ್ಕೆ ನೂರು ಸಲದಂತೆ ಮಾಡಿದರೆ ಕಣ್ಣಿನ ಹಂಗಿಲ್ಲದೆ ಕಾಲೇ ಕಲಿತುಬಿಡುತ್ತದೆ. ಹೆಡ್ ಕೋಚ್ ತಲೆದೂಗಿದರು. ಮೇಷ್ಟ್ರು ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬರೇ ಮುಗುಳ್ನಕ್ಕರು, ಪಕ್ಕದವನು ಸ್ವಲ್ಪ ಸರಿದು ಕುಳಿತ.

ಅಭ್ಯಾಸದ ಮೈದಾನ ಕ್ರೀಡಾಂಗಣದಿಂದ ಬೇರೆ. ಗೋದಾಮುಗಳ ಬೀದಿಯ ಕೊನೆಯಲ್ಲಿ, ಎತ್ತರದ ತಂತಿ ಬೇಲಿಯ ಒಳಗೆ. ಬೆಳಗಿನ ಹೊತ್ತು ಸಾಮಾನಿನ ಕೋಣೆಯ ನೆರಳು ಒಂದು ಗೋಲಿನ ಹಿಂದೆ ತಣ್ಣಗೆ ಬೀಳುತ್ತಿತ್ತು. ಮೇಷ್ಟ್ರ ಕುರ್ಚಿ ಆ ನೆರಳಿನಲ್ಲಿ. ಕುರ್ಚಿ ಅಲ್ಲಿದ್ದ ಮೇಲೆ ದಾಳಿಯ ಅಭ್ಯಾಸವೂ ಆ ಗೋಲಿನ ಕಡೆಗೇ. ಆಚೆ ತುದಿಯ ಗೋಲಿನ ಕಡೆಗೂ ಒಮ್ಮೊಮ್ಮೆ ಆಡಿಸಬೇಕು ಎಂದು ಅವರಿಗೆ ಅನ್ನಿಸಿದ್ದುಂಟು. ಆದರೆ ಅಲ್ಲಿ ಬಿಸಿಲು.

ಅಭ್ಯಾಸದಲ್ಲಿ ‘ನೋಡದೆ ಹೊಡಿ’ ನೋಡಲು ಎರಡು ಕಣ್ಣು ಸಾಲದು. ಬಲಗಡೆಯಿಂದಲೂ ಎಡಗಡೆಯಿಂದಲೂ ಚೆಂಡು ಬಂದು ಸ್ಟ್ರೈಕರನ ಹಣೆಗೇ ಬೀಳುತ್ತಿತ್ತು. ಆದರೆ ಪಂದ್ಯದ ದಿನ ಬಲಗಡೆಯಿಂದ ಸರಿ, ಎಡಗಡೆಯಿಂದ ಎಡವಟ್ಟು. ಎಡಗಡೆಯ ಚೆಂಡು ಪ್ರತಿ ಸಲವೂ ನಾಲ್ಕು ಮೀಟರ್ ಹಿಂದೆಯೇ ಬಿದ್ದು, ಎದುರಾಳಿಯ ಡಿಫೆಂಡರ್ ಅದನ್ನು ಆರಾಮವಾಗಿ ಎತ್ತಿ ಆಚೆ ಹಾಕುತ್ತಿದ್ದ. ಐದನೇ ಪಂದ್ಯದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿಹೋಯಿತು, ಇವರ ಎಡಗಡೆ ಖಾಲಿ ಡಬ್ಬ ಎಂದು. ಎಲ್ಲರೂ ಬಂದು ಬಲಗಡೆಯೇ ಗೋಡೆ ಕಟ್ಟಿ ನಿಂತರು. ಮೂವತ್ತು ಪಂದ್ಯಕ್ಕೆ ಹದಿನೇಳು ಗೋಲು, ಪಟ್ಟಿಯಲ್ಲಿ ಕೆಳಗಿನಿಂದ ಮೂರನೇ ಜಾಗ. ಋತು ಮುಗಿಯಿತು.

ಎಡಗಡೆ ಆಡುತ್ತಿದ್ದವನನ್ನು ಎಲ್ಲರೂ ಎಡಚ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ, ಮಾತು ಕಡಿಮೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಎರಡನೇ ತಿಂಗಳಲ್ಲಿ ಒಂದು ದಿನ ಮೇಷ್ಟ್ರ ಕುರ್ಚಿಯ ಹತ್ತಿರ ಬಂದು ನಿಂತಿದ್ದ.

“ಮೇಷ್ಟ್ರೇ, ಇಲ್ಲಿ ಸರಿಯಾಗಿ ಬೀಳುತ್ತೆ, ಅಲ್ಲಿ ಬೀಳಲ್ಲ. ಅಲ್ಲಿ ಗೋಲು ದೂರ ಇದೆ ಅನ್ಸುತ್ತೆ.”

“ಗೋಲು ಎಲ್ಲೂ ನಡ್ಕೊಂಡು ಹೋಗಲ್ಲ ಕಣಯ್ಯ. ಅಳತೆ ಎಲ್ಲಾ ಕಡೆ ಅದೇ. ನಿನ್ನ ಮನಸ್ಸು ಅಳುಕ್ತಾ ಇದೆ, ಇಲ್ಲಾ ಕಾಲು ಸೋಲ್ತಾ ಇದೆ.”

ಎಡಚ ತಲೆಯಾಡಿಸಿ ಹೋದ. ಮೇಷ್ಟ್ರು ಆ ವಾರದ ವರದಿಯಲ್ಲಿ ಬರೆದರು: ‘ಎಡಗಾಲಿನ ಬಲ ಕುಗ್ಗಿದೆ.’ ಬರೆದದ್ದನ್ನು ಫಿಸಿಯೋ ಓದಿದ. ಇದೆ ಎಂದು ಬರೆದ ಮೇಲೆ ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ, ತೊಡೆಯ ಹಿಂದೆ ಏನೋ ಬಿಗಿತ ಸಿಕ್ಕಿತು. ಎಡಚನಿಗೆ ಪಟ್ಟಿ ಕಟ್ಟಿದರು, ಮಂಜುಗಡ್ಡೆ ಇಟ್ಟರು, ಎರಡು ಸಲ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದಾಗ, ಕಾಣದಷ್ಟು ಒಳಗಿದೆ ಎಂದು ತೀರ್ಮಾನವಾಯಿತು. ಮೇಷ್ಟ್ರು ವಾರ ವಾರವೂ ಬರೆದರು: ‘ಸುಧಾರಣೆ ಇಲ್ಲ.’

ಈಗ ಋತು ಮುಗಿದು, ಮುಂದಿನ ವರ್ಷಕ್ಕೆ ಯಾರು ಬೇಕು, ಯಾರು ಬೇಡ ಎಂದು ತೀರ್ಮಾನಿಸುವ ಸಭೆ ಸೋಮವಾರ ಬೆಳಿಗ್ಗೆ ಇತ್ತು. ಬೇಡದವರ ಪಟ್ಟಿಯಲ್ಲಿ ಮೊದಲ ಹೆಸರು ಎಡಚನದು. ಹೆಸರಿನ ಕೆಳಗೆ ಕಾರಣ ಮೂರು ಸಾಲು, ಮೂರೂ ಮೇಷ್ಟ್ರ ವರದಿಯಿಂದ ಎತ್ತಿದ್ದು. ಅದರ ಮೇಲೆ ಸಹಿ ಬಿದ್ದರೆ ಎಡಚ ಬರೀ ಈ ಕ್ಲಬ್ಬಿನಿಂದ ಹೊರಗೆ ಹೋಗುವುದಲ್ಲ. ಕಾಲು ಹೋದವನು ಎಂಬ ಹೆಸರು ಹೊತ್ತು ಹೋಗುತ್ತಾನೆ, ಅಂಥವನನ್ನು ಬೇರೆ ಯಾವ ಕ್ಲಬ್ಬೂ ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಷ್ಟ್ರಿಗೆ ಇದು ಗೊತ್ತಿತ್ತು. ಪಾಪ ಎನ್ನಿಸಿತ್ತು. ಪಾಪ ಎಂದುಕೊಂಡು ಬೋರ್ಡಿನ ಮೇಲೆ ಮುಂದಿನ ವರ್ಷದ ಬಾಣ ಎಳೆಯುತ್ತಿದ್ದರು.

ಭಾನುವಾರ ಮಧ್ಯಾಹ್ನ ಬೋರ್ಡು ಒರೆಸಲೆಂದು ಅಭ್ಯಾಸದ ಮೈದಾನಕ್ಕೆ ಹೋದಾಗ ಹುಲ್ಲಣ್ಣ ಒಬ್ಬನೇ ಇದ್ದ. ಮೈದಾನ ನೋಡಿಕೊಳ್ಳುವವನು ಅವನು. ಹುಲ್ಲಿನ ಮೇಲೆ ಅವನಿಗಿದ್ದ ಅಕ್ಕರೆ ಆಟಗಾರರ ಮೇಲೆ ಇರಲಿಲ್ಲ, ಅವರು ಅದನ್ನು ತುಳಿಯುತ್ತಾರಲ್ಲ. ಹೊಸ ಋತುವಿಗೆಂದು ಹಳೆಯ ಗೆರೆಗಳನ್ನೆಲ್ಲ ತೊಳೆದು, ಗೂಟ, ಹಗ್ಗ, ಬಿಳಿ ಬಣ್ಣದ ಗಾಡಿ ಇಟ್ಟುಕೊಂಡು ನಿಂತಿದ್ದ.

“ಒಳ್ಳೇ ಸಮಯಕ್ಕೆ ಬಂದ್ರಿ ಮೇಷ್ಟ್ರೇ. ಎಡಗಡೆ ಗೆರೆ ಎಲ್ಲಿ ಎಳೀಲಿ? ಹಳೇ ಜಾಗಾನಾ, ನಿಮ್ಮ ಜಾಗಾನಾ?”

“ನನ್ನ ಜಾಗ ಅಂದ್ರೆ?”

“ಅದೇ, ಐದು ಹೆಜ್ಜೆ ಒಳಗೆ. ಹೋದ್ ವರ್ಷ ಆ ಅಂಚಿಗೆ ಹೊಸ ಹುಲ್ಲು ಹಾಕಿದ್ದೆ, ಬೇರು ಹಿಡಿಯೋವರೆಗೆ ತುಳೀಬೇಡಿ ಅಂದೆ. ನೀವೇ ನಡೆದು ತೋರಿಸಿದ್ರಿ, ಇಲ್ಲಿಗೆ ಎಳಿ ಅಂತ.”

ಮೇಷ್ಟ್ರಿಗೆ ಮಸುಕು ಮಸುಕಾಗಿ ನೆನಪಾಯಿತು. “ಹತ್ತು ದಿನಕ್ಕೆ ಅಂದಿದ್ದೆ ಅಲ್ವೇನೋ.”

“ಹೂಂ. ಹತ್ತು ದಿನ ಆದ್ಮೇಲೆ ಬಂದು ಕೇಳಿದೆ, ಹೊರಗೆ ಎಳೀಲಾ ಅಂತ. ನೀವು ಬೋರ್ಡಿನ ಮುಂದೆ ನಿಂತಿದ್ರಿ. ಹೀಗೆ ಕೈ ಮಾಡಿದ್ರಿ.” ಹುಲ್ಲಣ್ಣ ನೊಣ ಓಡಿಸುವ ಹಾಗೆ ಕೈ ಬೀಸಿ ತೋರಿಸಿದ. “ಇರ್ಲಿ ಬಿಡು ಅಂತಿದ್ದೀರಿ ಅಂದ್ಕೊಂಡೆ. ಆಮೇಲೆ ಇನ್ನೊಂದ್ಸಲ ಕೇಳಿದೆ. ಆಗ್ಲೂ ಹಾಗೇ ಮಾಡಿದ್ರಿ. ವರ್ಷ ಪೂರ್ತಿ ಆ ಗೆರೆ ಮೇಲೇ ಬಣ್ಣ ಹೊಡೆದೆ.”

ಮೇಷ್ಟ್ರು ಅವನ ಕೈಯಿಂದ ಹಗ್ಗ ತೆಗೆದುಕೊಂಡು ಗೋಲುಕಂಬದಿಂದ ಬಲಗಡೆಯ ಗೂಟದವರೆಗೆ ಅಳೆದರು. ಆಮೇಲೆ ಎಡಗಡೆಗೆ, ಹುಲ್ಲಿನಲ್ಲಿ ಇನ್ನೂ ಮಾಸದೆ ಉಳಿದಿದ್ದ ಹೋದ ವರ್ಷದ ಬಣ್ಣದ ಗುರುತಿನವರೆಗೆ. ಎಡಗಡೆಯಲ್ಲಿ ಹಗ್ಗ ನಾಲ್ಕು ಮೀಟರಿಗಿಂತ ಹೆಚ್ಚು ಉಳಿದು ಹುಲ್ಲಿನ ಮೇಲೆ ಬಿತ್ತು. ಎಂಟು ತಿಂಗಳು, ದಿನಕ್ಕೆ ನೂರು ಸಲ, ಎಡಚ ಈ ಸುಳ್ಳು ಗೆರೆಯ ಮಗ್ಗುಲಿನಿಂದ ಒದ್ದು ಒದ್ದು ಕಾಲಿಗೆ ಪಾಠ ಮಾಡಿಸಿದ್ದ. ಪಂದ್ಯದ ದಿನ ನಿಜವಾದ ಗೆರೆ ಹಿಡಿದು ಓಡಿ, ಅದೇ ಪಾಠ ಒಪ್ಪಿಸುತ್ತಿದ್ದ. ತಲೆಯೆತ್ತಿ ಒಂದು ಸಲ ನೋಡಿದ್ದರೆ ತಿದ್ದಿಕೊಳ್ಳುತ್ತಿದ್ದನೇನೋ. ನೋಡಬೇಡ ಎಂದು ಹೇಳಿದ್ದು ಯಾರು?

“ನಾನೇ,” ಎಂದರು ಮೇಷ್ಟ್ರು, ಜೋರಾಗಿಯೇ.

“ಏನಂದ್ರಿ?” ಎಂದ ಹುಲ್ಲಣ್ಣ.

“ಏನಿಲ್ಲ. ಇಲ್ಲೊಬ್ಬ ಮಹಾ ಪಂಡಿತ ಇದ್ದಾನಂತೆ, ಅವನ ಜೊತೆ ಮಾತಾಡ್ತಿದ್ದೆ.”

ಆಚೆ ತುದಿಯ ಗೋಲಿನ ಕಡೆಗೆ ಒಂದೇ ಒಂದು ವಾರ ಆಡಿಸಿದ್ದರೂ ಸಾಕಿತ್ತು. ಆಗ ಕುಗ್ಗಿದ ಅಂಚು ಬಲಗಡೆಯವನ ಪಾಲಿಗೆ ಬರುತ್ತಿತ್ತು, ಎಡಚ ನಿಜವಾದ ಗೆರೆಯ ಮೇಲೆ ಓಡುತ್ತಿದ್ದ, ಎಲ್ಲ ಬಯಲಾಗುತ್ತಿತ್ತು. ಆದರೆ ಅಲ್ಲಿ ಬಿಸಿಲು. ಒಬ್ಬ ಮನುಷ್ಯನ ಕಾಲನ್ನು ತಮ್ಮ ಕುರ್ಚಿಯ ನೆರಳಿಗೆ ಒತ್ತೆ ಇಟ್ಟಿದ್ದರು ಈ ಮಹಾನುಭಾವರು. ಮೇಷ್ಟ್ರು ಹಣೆ ಚಚ್ಚಿಕೊಂಡರು. ಆಮೇಲೆ, ಹೇಳಲು ನಾಚಿಕೆಯಾಗಬೇಕು, ಸುತ್ತ ನೋಡಿದರು. ಹುಲ್ಲಣ್ಣನನ್ನು ಬಿಟ್ಟರೆ ಯಾರೂ ಇರಲಿಲ್ಲ.

“ಹಳೇ ಜಾಗಕ್ಕೇ ಎಳಿ,” ಎಂದು ಹೇಳಿ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಅವರ ತಲೆ ಚುರುಕಾಗಿ ಓಡಿತು. ಗೋಲು ಹೊಡೆಸುವುದಕ್ಕೆ ಅದು ಎಂದೂ ಇಷ್ಟು ಚುರುಕಾಗಿ ಓಡಿರಲಿಲ್ಲ. ಗೆರೆ ಸರಿಹೋಯಿತು. ಮುಂದಿನ ವರ್ಷ ಎಡಗಡೆಗೆ ಹೊಸಬ ಬರುತ್ತಾನೆ. ಅವನ ಚೆಂಡು ಸ್ಟ್ರೈಕರನ ಹಣೆಗೇ ಬೀಳುತ್ತದೆ, ಗೋಲುಗಳು ಸುರಿಯುತ್ತವೆ. ‘ನೋಡದೆ ಹೊಡಿ’ಯ ಜನಕ ಯಾರು ಎಂದು ಪತ್ರಿಕೆಯವರು ಕೇಳುತ್ತಾರೆ. ಹುಲ್ಲಣ್ಣ ಹುಲ್ಲಿನ ಬಗ್ಗೆ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಬಾಯಿ ಬಿಡುವವನಲ್ಲ. ತಾವೊಬ್ಬರು ಬಾಯಿಗೆ ಬೀಗ ಹಾಕಿಕೊಂಡರೆ ಮುಗಿಯಿತು.

ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವವರು. ಇಡೀ ದಿನ ಕೆನ್ನೆ ಹಿಡಿದುಕೊಂಡು ಬರುವವರನ್ನು ನೋಡಿ ನೋಡಿ, ಯಾರಿಗೆ ನಿಜವಾಗಿ ನೋವಿದೆ ಎಂದು ಅವರಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಸಂಜೆ ಊಟದ ಮೇಜಿನ ಮೇಲೆ ತಟ್ಟೆ ಇಟ್ಟು, ಗಂಡನನ್ನು ಒಮ್ಮೆ ದಿಟ್ಟಿಸಿದರು.

“ಏನ್ರೀ ಆಯ್ತು?”

ಮೇಷ್ಟ್ರು ಮೊದಲು ಏನಿಲ್ಲ ಎಂದರು, ಎರಡನೇ ಸಲ ಕೇಳಿದಾಗ ಎಲ್ಲವನ್ನೂ ಹೇಳಿದರು. ಬೀಗ ಹಾಕಿದ ಬಾಯಿ ರಾತ್ರಿಯವರೆಗೂ ತಡೆಯಲಿಲ್ಲ. ಕೊನೆಯಲ್ಲಿ, “ನಾನು ಹೇಳದೇ ಇದ್ರೆ ಯಾರಿಗೂ ಗೊತ್ತಾಗಲ್ಲ ಕಣೇ,” ಎಂದೂ ಸೇರಿಸಿದರು.

“ಗೊತ್ತಾಗಲ್ಲ, ನಿಜ. ಆದ್ರೆ ನಿಮ್ಮ ಮುಖ ಸುಮ್ನಿರಬೇಕಲ್ಲ. ಕುಕ್ಕರ್ ಹಿಡಿ ಮುರಿದು ಬಚ್ಚಿಟ್ಟಾಗ ಮೂರು ದಿನ ಮನೆ ತುಂಬಾ ಹೆಣದ ಮುಖ ಹೊತ್ಕೊಂಡು ಓಡಾಡಿದ್ರಿ. ನಾನು ಏನೋ ದೊಡ್ಡ ಕಾಯಿಲೆ ಅಂದ್ಕೊಂಡು ಹೆದರಿದ್ದೆ. ಇದಕ್ಕೆ ಎಷ್ಟು ವರ್ಷ ಓಡಾಡ್ತೀರಿ?”

“ಹೇಳಿದ್ರೆ ನನ್ನ ಕೆಲಸಕ್ಕೇ ಕುತ್ತು.”

“ಹೇಳದಿದ್ರೆ ಅವನ ಕೆಲಸ ಹೋಗುತ್ತೆ.” ಅವರು ಲೋಟಕ್ಕೆ ನೀರು ಸುರಿದರು. “ಆ ಹುಡುಗ ಏನು ಅಂದಿದ್ನಂತೆ, ಗೋಲು ದೂರ ಇದೆ ಅಂತಾನಾ? ಸರಿಯಾಗೇ ಹೇಳಿದ್ನಲ್ಲ, ಪಾಪ.”

ಮೇಷ್ಟ್ರು ತಟ್ಟೆ ಸರಿಸಿ ಎದ್ದುಬಿಟ್ಟರು.

ಸೋಮವಾರದ ಸಭೆ ಮೂರನೇ ಮಹಡಿಯಲ್ಲಿ, ಉದ್ದನೆಯ ಮೇಜಿನ ಕೋಣೆಯಲ್ಲಿ. ಮೆಟ್ಟಿಲು ಹತ್ತಿ ಬರುವಾಗ ಹೊರಗಿನ ಬೆಂಚಿನ ಮೇಲೆ ಎಡಚ ಕುಳಿತಿದ್ದುದು ಕಂಡಿತು. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೊಂದು ಲಕೋಟೆ. ಎದ್ದು ನಿಂತು ನಮಸ್ಕಾರ ಮಾಡಿದ. ಮೇಷ್ಟ್ರು ಅವನ ಕಡೆ ನೋಡಲಾರದೆ ಗೋಡೆಗೆ ನಮಸ್ಕಾರ ಮಾಡಿ ಒಳಗೆ ನುಗ್ಗಿದರು.

ಒಳಗೆ ಕ್ಲಬ್ಬಿನ ಮ್ಯಾನೇಜರು ಮತ್ತು ಹೆಡ್ ಕೋಚ್. ಮ್ಯಾನೇಜರು ಪಟ್ಟಿ ಎತ್ತಿಕೊಂಡು ಮೊದಲ ಹೆಸರು ಓದಿದರು. ಮೇಷ್ಟ್ರು ಎದ್ದು ನಿಂತರು. ನಿಲ್ಲುವ ಅಗತ್ಯವೇನೂ ಇರಲಿಲ್ಲ, ಆದರೆ ಕಾಲು ತಾನಾಗಿ ಎದ್ದಿತ್ತು. ಬೋರ್ಡಿನ ಹತ್ತಿರ ಹೋಗಿ ಮೈದಾನದ ಚಿತ್ರ ಬರೆದು, ಎಡಗಡೆ ಎರಡು ಗೆರೆ ಎಳೆದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಹುಲ್ಲು, ಹತ್ತು ದಿನ, ಕೈ ಬೀಸಿದ್ದು, ನೆರಳು, ಕುರ್ಚಿ, ಯಾವುದನ್ನೂ ಬಿಡಲಿಲ್ಲ. “ಎಡಚನ ಕಾಲಿಗೆ ಏನೂ ಆಗಿಲ್ಲ. ಹಾಳಾಗಿರೋದು ನನ್ನ ತಲೆ,” ಎಂದು ಮುಗಿಸಿ, ರೂಢಿಯಂತೆ ತಾವೇ ಮೊದಲು ನಕ್ಕರು. ಈ ಸಲ ಯಾರೂ ನಗಲಿಲ್ಲ. ಅವರ ನಗುವೂ ಅರ್ಧಕ್ಕೇ ನಿಂತಿತು.

ಹೆಡ್ ಕೋಚ್ ಕನ್ನಡಕ ತೆಗೆದು ಒರೆಸಿದರು. “ಮೇಷ್ಟ್ರೇ, ನಾನೂ ದಿನಾ ಅಲ್ಲೇ ನಿಂತಿದ್ದೆ. ಗೋಲು ನಡುವೆ ಇಲ್ಲ ಅನ್ನೋದು ನನ್ನ ಕಣ್ಣಿಗೂ ಬೀಳಲಿಲ್ಲ. ಇದು ಹೊರಗೆ ಹೋದ್ರೆ ನಮ್ಮನ್ನ ನೋಡಿ ಸಣ್ಣ ಮಕ್ಕಳೂ ನಗ್ತಾರೆ.”

ಮ್ಯಾನೇಜರು ಪೆನ್ನು ತೆಗೆದು, ಎಡಚನ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. “ಸರಿ. ಅವನನ್ನ ಉಳಿಸ್ಕೊಳ್ಳೋಣ. ಇನ್ನೊಂದು ವರ್ಷ ಅವಕಾಶ ಕೊಟ್ಟಿದೀವಿ, ಕಾಲು ನೋಡ್ಕೊಂಡು ಆಡು ಅಂತ ಹೇಳೋಣ. ಗೆರೆ ವಿಷಯ ಈ ಕೋಣೆ ಬಿಟ್ಟು ಆಚೆ ಹೋಗಬಾರದು. ಹೋದ್ರೆ ಈ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಬೇಕಾಗುತ್ತೆ ಮೇಷ್ಟ್ರೇ. ಅದು ನಿಮ್ಮದು.”

ಮೇಷ್ಟ್ರಿಗೆ ದೊಡ್ಡ ಭಾರ ಇಳಿದ ಹಾಗಾಯಿತು. ಎಡಚನೂ ಉಳಿದ, ತಾವೂ ಉಳಿದರು. ಇದಕ್ಕಿಂತ ಇನ್ನೇನು ಬೇಕು? “ಆಗ್ಲಿ ಸರ್, ಬಹಳ ಉಪಕಾರ,” ಎಂದು ಹಲ್ಲು ಕಿರಿದು, ಕೈ ಮುಗಿದು, ಹಿಂದೆ ಹಿಂದೆ ನಡೆದು ಬಾಗಿಲು ತೆರೆದರು.

ಎಡಚ ಮತ್ತೆ ಎದ್ದು ನಿಂತ. ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

“ಮೇಷ್ಟ್ರೇ, ಇದನ್ನ ನೀವೇ ಒಳಗೆ ಕೊಟ್ಬಿಡಿ. ನಾನೇ ಬಿಟ್ಟು ಹೋಗ್ತೀನಿ ಅಂತ ಬರೆದಿದೀನಿ. ಕಾಲು ಹೋಗಿದೆ ಅಂತ ಗೊತ್ತಿದ್ರೂ ವರ್ಷ ಪೂರ್ತಿ ನನ್ನನ್ನ ಆಡಿಸಿದ್ರಿ. ನನ್ನಿಂದ ತಂಡಕ್ಕೆ ಕೆಟ್ಟ ಹೆಸರು ಬಂತು. ಮನಸ್ಸಿಗೆ ಬೇಜಾರಾಗಿದೆ, ಕ್ಷಮಿಸಿ.”

ಕ್ಷಮಿಸಿ ಎಂದ. ಇವನು, ಅವರಿಗೆ. ನೆಲ ಬಿರಿದು ತಮ್ಮನ್ನು ನುಂಗಬಾರದೇ ಎನ್ನಿಸಿತು ಮೇಷ್ಟ್ರಿಗೆ. ಮೂರನೇ ಮಹಡಿಯ ನೆಲ ಅಷ್ಟು ಸುಲಭಕ್ಕೆ ಬಿರಿಯುವಂಥದ್ದಲ್ಲ. ಕಾಲು ನೋಡಿಕೊಂಡು ಆಡು ಎಂದು ಇವನಿಗೆ ಹೇಳಬೇಕು. ಹೇಳಿದರೆ ಇವನು ನಂಬುತ್ತಾನೆ, ತಲೆಯಾಡಿಸುತ್ತಾನೆ, ಇನ್ನೊಂದು ವರ್ಷ ಪಟ್ಟಿ ಕಟ್ಟಿಕೊಂಡು ಹೆದರಿ ಹೆದರಿ ಓಡುತ್ತಾನೆ.

ಹಿಂದೆ ಬಾಗಿಲು ಅರ್ಧ ತೆರೆದೇ ಇತ್ತು. ಮೇಷ್ಟ್ರು ಅದನ್ನು ಮುಚ್ಚಲು ಹೋಗಲಿಲ್ಲ.

“ಲಕೋಟೆ ಹರಿದು ಹಾಕು,” ಎಂದರು. “ಕೂತ್ಕೋ. ನಿನ್ನ ಕಾಲಿಗೆ ಏನೂ ಆಗಿಲ್ಲ. ಆಗಿರಲೇ ಇಲ್ಲ. ಎಂಟು ತಿಂಗಳು ನಾನು ನಿನ್ನನ್ನ ತಪ್ಪು ಗೆರೆ ಮೇಲೆ ಓಡಿಸಿದೀನಿ.”

ಬೋರ್ಡಿಲ್ಲದೆ, ಬಾಣವಿಲ್ಲದೆ, ಬರೀ ಬಾಯಲ್ಲಿ ಹೇಳಿದರು. ಒಳಗಿನವರಿಗೂ ಕೇಳಿಸಿರಬೇಕು, ಕುರ್ಚಿ ಸರಿದ ಸದ್ದಾಯಿತು. ಎಡಚ ಕೇಳಿಸಿಕೊಂಡ. ಬಯ್ಯುತ್ತಾನೆ, ಅಂಗಿಯ ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಮೇಷ್ಟ್ರು ಕಾದರು. ಹಾಗೆ ಮಾಡಿದ್ದರೆ ಎಷ್ಟೋ ಹಿತವಾಗುತ್ತಿತ್ತು. ಅವನು ತನ್ನ ಎಡತೊಡೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದ.

“ಹಾಗಾದ್ರೆ ನನ್ನ ಕಾಲು ಸರಿ ಇದೆಯಾ?”

“ಸರಿ ಇದೆ.”

“ರಾತ್ರಿ ನೋಯುತ್ತೆ ಮೇಷ್ಟ್ರೇ.”

“ಅಷ್ಟು ಜನ ಸೇರಿ ನೋಯುತ್ತೆ ಅಂತ ಹೇಳಿದ್ರೆ ಯಾರ ಕಾಲಾದ್ರೂ ನೋಯುತ್ತೆ ಕಣಪ್ಪ.”

ಎಡಚ ಲಕೋಟೆಯನ್ನು ಎರಡಾಗಿ ಹರಿದು, “ಒಂದು ಉಪಕಾರ ಮಾಡ್ತೀರಾ?” ಎಂದ. “ನಾನು ಹೇಳಿದ್ರೆ ಮನೇಲಿ ಹೆಂಡ್ತಿ ನಂಬಲ್ಲ. ಸಮಾಧಾನಕ್ಕೆ ಹೇಳ್ತಿದೀನಿ ಅಂದ್ಕೋತಾಳೆ. ನೀವೇ ಬಂದು ಒಂದ್ಸಲ ಅವಳ ಮುಂದೆ ಹೇಳಿ.”

ಮ್ಯಾನೇಜರು ಬಾಗಿಲಿಗೆ ಬಂದು ನಿಂತಿದ್ದರು. ಮೇಷ್ಟ್ರು ಅವರ ಕಡೆ ತಿರುಗಿ, “ಆ ಪಟ್ಟಿಗೆ ಹೆಸರು ಸೇರಿಸ್ಕೊಳ್ಳಿ ಸರ್,” ಎಂದರು. ಧೈರ್ಯದ ಮಾತೇ, ಆದರೆ ಧ್ವನಿ ಕೀರಲಾಗಿ ಹೊರಟಿತು. ಇಬ್ಬರೂ ಮೆಟ್ಟಿಲಿಳಿದರು.

ಎಡಚನ ಮನೆ ಒಂದು ಸ್ಟೇಷನರಿ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿಯ ಕೆಳಗೆ ಫಿಸಿಯೋ ಕೊಟ್ಟ ರಬ್ಬರ್ ಪಟ್ಟಿಗಳು ಒಗೆದ ಬಟ್ಟೆಗಳ ಜೊತೆ ಒಣಗುತ್ತಿದ್ದವು. ಅವನ ಹೆಂಡತಿ ಮೇಷ್ಟ್ರನ್ನು ನೋಡಿದ್ದೇ ಮುಖ ಬಿಳಿಚಿಕೊಂಡು ಕುರ್ಚಿ ಹಾಕಿದರು. ಕೆಲಸ ಹೋದ ಸುದ್ದಿ ಹೇಳಲೆಂದೇ ಬಂದಿದ್ದಾರೆ ಎಂದುಕೊಂಡಿರಬೇಕು. ಮೇಷ್ಟ್ರು ಕೂರದೆ, ನಿಂತಲ್ಲೇ ನಾಲ್ಕನೇ ಸಲ ಆ ಕಥೆ ಹೇಳಿದರು. ಪ್ರತಿ ಸಲ ಹೇಳಿದಾಗಲೂ ಅದು ಇನ್ನಷ್ಟು ಪೆದ್ದಾಗಿ ಕೇಳಿಸುತ್ತಿತ್ತು.

ಆಕೆ ಕೇಳಿ ಮುಗಿಸಿ, ಗಂಡನ ಕಡೆ ನೋಡಲಿಲ್ಲ, ಮೇಷ್ಟ್ರನ್ನೇ ನೋಡಿದರು.

“ಆರು ತಿಂಗಳಿಂದ ದಿನಾ ಆ ಕಾಲಿಗೆ ಎಣ್ಣೆ ತಿಕ್ಕಿದೀನಿ ಸರ್. ಕಾಲಿಗೆ ಏನೂ ಆಗಿರಲಿಲ್ಲ ಅಂತೀರಾ?”

“ಇಲ್ಲಮ್ಮ.”

“ಭಾರ ಎತ್ತಬೇಡ ಅಂದ್ರು. ಮೆಟ್ಟಿಲ ಮೇಲಿಂದ ನೀರು, ಗ್ಯಾಸು, ಎಲ್ಲಾ ನಾನೇ ಹೊತ್ತೆ. ಅದು ಹೋಗ್ಲಿ. ಮಗಳನ್ನೂ ಎತ್ಕೊಂಡಿಲ್ಲ ಇವರು. ಎತ್ಕೋ ಎತ್ಕೋ ಅಂತ ಕಾಲಿಗೆ ಬೀಳ್ತಿದ್ಲು. ಬೈದು ಬೈದು ಬಿಡಿಸಿದೀನಿ.”

ಯಾವ ಪ್ರಶ್ನೆಗೂ ಒಂದು ಬಾಣ ಸಿದ್ಧವಿ​ರುತ್ತಿದ್ದ ಮೇಷ್ಟ್ರು ಒಣಗುತ್ತಿದ್ದ ರಬ್ಬರ್ ಪಟ್ಟಿಗಳನ್ನೇ ನೋಡುತ್ತ ನಿಂತರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಲೋಟ ನೀರು ತಂದು ಅವರ ಕೈಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಮತ್ತೊಮ್ಮೆ ಅನ್ನಿಸಿತು.

ಒಳಕೋಣೆಯ ಬಾಗಿಲಲ್ಲಿ ನಾಲ್ಕು ವರ್ಷದ ಮಗು ಬಂದು ನಿಂತಿತ್ತು. ಎಡಚ ಬಗ್ಗಿ, ಎರಡೂ ಕಂಕುಳಿಗೆ ಕೈ ಹಾಕಿ ಅವಳನ್ನು ಎತ್ತಿಕೊಂಡ. ಮಗು ಕಾಲು ಕೊಡವಿತು, ಇಳಿಯಲು ಕೊಸರಾಡಿತು.

“ಬೇಡ ಅಪ್ಪಾ, ಕಾಲಿಗೆ ನೋವಾಗುತ್ತೆ.”

“ನೋವಾಗಲ್ಲ ಪುಟ್ಟಿ.”

“ಆಗುತ್ತೆ. ಅಮ್ಮ ಬೈತಾಳೆ.”

“ಬೈಯಲ್ಲ. ಅಪ್ಪನ ಕಾಲು ಸರಿ ಇದೆಯಂತೆ.”

ಮಗು ಅಮ್ಮನ ಮುಖ ನೋಡಿತು. ಅಮ್ಮ ಬೈಯಲಿಲ್ಲ. ಆಗ ಅಪ್ಪನ ಕೊರಳು ಹಿಡಿದುಕೊಂಡು, ಕೇಳಲೇಬೇಕಾದದ್ದನ್ನು ಕೇಳಿತು.

“ಮತ್ತೆ ನೋವಾಗುತ್ತೆ ಅಂತ ಯಾರು ಹೇಳಿದ್ದು?”

ಎಡಚ ಕಿಟಕಿಯ ಕಡೆ ನೋಡಿದ. ಅವನ ಹೆಂಡತಿ ನೆಲ ನೋಡಿದರು. ದೊಡ್ಡವರ ಮರ್ಯಾದೆ ಕಾಯುವ ಜನ ಇಬ್ಬರೂ. ಮೇಷ್ಟ್ರು ಲೋಟವನ್ನು ಮೇಜಿನ ಮೇಲಿಟ್ಟರು. ಒಂದು ತಮಾಷೆ ಮಾಡಿ ತಪ್ಪಿಸಿಕೊಳ್ಳೋಣವೆಂದು ಹುಡುಕಿದರು, ಒಂದೂ ಸಿಗಲಿಲ್ಲ.

“ನಾನು, ಪುಟ್ಟಿ,” ಎಂದರು. “ನಾನೇ ಹೇಳಿದ್ದು.”

ಮಗು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಆಮೇಲೆ ಅಪ್ಪನ ಕೊರಳನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡು, ಮುಖವನ್ನು ಆ ಕಡೆಗೆ ತಿರುಗಿಸಿಕೊಂಡಿತು.